ಮೊದಲು ಗ್ರಾಫ್ ಹಾಳೆ, ಆಮೇಲೆ ಗಣಕಯಂತ್ರ



ನಿಮ್ಮ ಶಾಲೆಯಲ್ಲಿ ಒಂದು ಗಣಕಯಂತ್ರವಾದರೂ ಇರಬಹುದು. ಹೆಚ್ಚಿನ ಕಡೆ ಅದರ ಜಾಗ ಮುಖ್ಯೋಪಾಧ್ಯಾಯರ ಕೋಣೆ. ಅದರ ಕೆಲಸ ಮಕ್ಕಳ ದಾಖಲಾತಿ, ಬಿಸಿಯೂಟದ ಲೆಕ್ಕ, ಮೇಲಿನಿಂದ ಕೇಳಿದ ಮಾಹಿತಿಯನ್ನು ತುಂಬುವುದು. ಉಳಿದ ಹೊತ್ತು ಅದು ಬಟ್ಟೆ ಹೊದ್ದು ಕುಳಿತಿರುತ್ತದೆ. ಆ ಬಟ್ಟೆ ತೆಗೆದು ವಾರಕ್ಕೆ ಒಂದು ಅವಧಿಯಾದರೂ ಅದನ್ನು ಗಣಿತಕ್ಕೂ ವಿಜ್ಞಾನಕ್ಕೂ ಬಳಸಬೇಕು, ಅದರಲ್ಲೂ ನಕ್ಷೆ ಬಿಡಿಸುವ ಮುಕ್ತ ತಂತ್ರಾಂಶಗಳನ್ನು ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಈ ತಂತ್ರಾಂಶಗಳನ್ನು ಈಗ ಹಲವೆಡೆ ಬಳಸುತ್ತಿರುವ ರೀತಿ ಸರಿಯಿಲ್ಲ ಎಂಬುದೂ ನನ್ನ ಅಭಿಪ್ರಾಯವೇ. ಎರಡನ್ನೂ ಇಲ್ಲಿ ವಿವರಿಸುತ್ತೇನೆ.

ಇವು ಏನು ಮಾಡುತ್ತವೆ? ಒಂದು ಸಮೀಕರಣವನ್ನು ಕೀಲಿಮಣೆಯಿಂದ ಬರೆದುಕೊಟ್ಟರೆ ಅದರ ನಕ್ಷೆಯನ್ನು ಪರದೆಯ ಮೇಲೆ ಕ್ಷಣಮಾತ್ರದಲ್ಲಿ ಬಿಡಿಸುತ್ತವೆ. ಸಮೀಕರಣದ ಬದಲು ಬಿಂದುಗಳ ಪಟ್ಟಿ ಕೊಟ್ಟರೆ ಹಲವು ತಂತ್ರಾಂಶಗಳು ಅವುಗಳನ್ನೂ ಗುರುತಿಸಿ ತೋರಿಸುತ್ತವೆ. ಇದೇ ಕೆಲಸ ಮಾಡುವ ಕೈಯಂತ್ರಗಳು ಮೊದಲು ಬಂದವು. ಜಪಾನಿನ ಕ್ಯಾಸಿಯೋ ಕಂಪನಿ 1985ರಲ್ಲಿ ಎಫ್‌ಎಕ್ಸ್-7000ಜಿ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಪ್ರೌಢಶಾಲೆಗಳಲ್ಲಿ ಅಂಥ ಯಂತ್ರ ಅನೇಕ ವಿದ್ಯಾರ್ಥಿಗಳ ಚೀಲದಲ್ಲಿ ಇರುವ ವಸ್ತುವಾಯಿತು. ನಮ್ಮಲ್ಲಿ ಅದು ಬರಲೇ ಇಲ್ಲ. ಬೆಲೆ ಒಂದು ಕಾರಣ. ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಸಾಮಾನ್ಯ ಕ್ಯಾಲ್ಕುಲೇಟರನ್ನೂ ಒಯ್ಯುವಂತಿಲ್ಲ ಎಂಬುದು ಇನ್ನೊಂದು ಕಾರಣ. ಹಾಗಾಗಿ ನಮ್ಮ ಮಕ್ಕಳು ನಡುವಿನ ಒಂದು ಮೆಟ್ಟಿಲನ್ನು ಬಿಟ್ಟು ಗ್ರಾಫ್ ಹಾಳೆಯಿಂದ ನೇರ ಗಣಕಯಂತ್ರಕ್ಕೆ ಬಂದಿದ್ದಾರೆ. ಇದರಿಂದ ನಷ್ಟವೇನೂ ಆಗಿಲ್ಲ ಎಂದು ನನಗನ್ನಿಸುತ್ತದೆ.

ಉಚಿತ ಬೇರೆ, ಮುಕ್ತ ಬೇರೆ

ತರಬೇತಿಗಳಲ್ಲಿ 'ಇದು ಫ್ರೀ ಸಾಫ್ಟ್‌ವೇರ್, ಹಾಕಿಕೊಳ್ಳಿ' ಎಂಬ ಮಾತು ಕೇಳಿಬರುತ್ತದೆ. ಹಣ ಕೊಡಬೇಕಾಗಿಲ್ಲ ಎಂದಷ್ಟೇ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಹಣ ಕೊಡದೆ ಸಿಗುವುದೆಲ್ಲ ಮುಕ್ತವಲ್ಲ. ಮುಕ್ತ ತಂತ್ರಾಂಶ ಎಂದರೆ ಅದನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಅದರ ಮೂಲಸಂಕೇತವನ್ನು ತೆರೆದು ಓದಬಹುದು, ಬೇಕಾದಂತೆ ತಿದ್ದಬಹುದು, ಪ್ರತಿ ಮಾಡಿ ಪಕ್ಕದ ಊರಿನ ಶಾಲೆಗೆ ಕೊಡಬಹುದು. ಈ ಹಕ್ಕುಗಳನ್ನು ಪರವಾನಗಿಯೇ ಬರೆದುಕೊಟ್ಟಿರುತ್ತದೆ. 1989ರಲ್ಲಿ ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಜಿಪಿಎಲ್ ಎಂಬ ಪರವಾನಗಿ ಇವುಗಳಲ್ಲಿ ಪ್ರಸಿದ್ಧವಾದುದು.

ಒಂದು ಉದಾಹರಣೆ ನೋಡಿ. ವಿಂಡೋಸ್ 10 ಅಥವಾ 11 ಇರುವ ಗಣಕಯಂತ್ರ ನಿಮ್ಮಲ್ಲಿದ್ದರೆ ಕ್ಯಾಲ್ಕುಲೇಟರನ್ನು ತೆರೆದು, ಎಡಮೂಲೆಯಲ್ಲಿರುವ ಮೂರು ಅಡ್ಡಗೆರೆಗಳ ಮೇಲೆ ಒತ್ತಿ. 'ಗ್ರಾಫಿಂಗ್' ಎಂಬ ಆಯ್ಕೆ ಕಾಣುತ್ತದೆ. ಇದು ನಮ್ಮಲ್ಲೇ ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೈಕ್ರೋಸಾಫ್ಟ್ ಕಂಪನಿ ಈ ಕ್ಯಾಲ್ಕುಲೇಟರಿನ ಮೂಲಸಂಕೇತವನ್ನು 2019ರ ಮಾರ್ಚ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ನಕ್ಷೆಯ ಸೌಲಭ್ಯ 2020ರಲ್ಲಿ ಸೇರಿತು. ಆದರೆ ಒಂದು ಸ್ವಾರಸ್ಯವಿದೆ. ಕ್ಯಾಲ್ಕುಲೇಟರ್ ಮುಕ್ತ, ಅದರೊಳಗೆ ನಕ್ಷೆ ಬಿಡಿಸುವ ಎಂಜಿನ್ ಮಾತ್ರ ಕಂಪನಿಯ ಸ್ವಂತದ್ದು, ಮುಚ್ಚಿದ್ದು. ಮನೆಯ ಬಾಗಿಲೆಲ್ಲ ತೆರೆದಿಟ್ಟು ಅಡುಗೆಮನೆಗೆ ಮಾತ್ರ ಬೀಗ ಹಾಕಿದ ಹಾಗೆ! ಬಳಸುವುದಕ್ಕೆ ತೊಂದರೆಯೇನೂ ಇಲ್ಲ, ಬಳಸಿ. ಆದರೆ ಅದನ್ನು ಪೂರ್ತಿ ಮುಕ್ತ ಎಂದು ಮಕ್ಕಳಿಗೆ ಹೇಳಬೇಡಿ.

ನಮ್ಮ ಶಿಕ್ಷಕರಿಗೆ ಹೆಚ್ಚು ಪರಿಚಯವಿರುವುದು ಜಿಯೋಜೀಬ್ರಾ. ಜ್ಯಾಮಿತಿ ಮತ್ತು ಬೀಜಗಣಿತದ ಇಂಗ್ಲಿಷ್ ಹೆಸರುಗಳನ್ನು ಕೂಡಿಸಿ ಈ ಹೆಸರನ್ನಿಟ್ಟವರು ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್. ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ ಅವರು 2001ರಲ್ಲಿ ಇದನ್ನು ಆರಂಭಿಸಿದರು. ಒಬ್ಬ ವಿದ್ಯಾರ್ಥಿ ಶುರು ಮಾಡಿದ ಕೆಲಸ ಹಲವು ದೇಶಗಳ ಶಿಕ್ಷಕರ ಕೈಯಲ್ಲಿ ಬೆಳೆಯಿತು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳಿಗೆಲ್ಲ ಮುಕ್ತ ತಂತ್ರಾಂಶವನ್ನೇ ಒಯ್ದಾಗ ಜೊತೆಯಲ್ಲಿ ಜಿಯೋಜೀಬ್ರಾವೂ ಹೋಯಿತು. ನಮ್ಮ ರಾಜ್ಯದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕರು ಇದನ್ನು ಕಲಿತರು. ಪ್ರಾಥಮಿಕ ಶಾಲೆಗಳವರೆಗೆ ಮಾತ್ರ ಅದು ಅಷ್ಟಾಗಿ ಇಳಿದು ಬರಲಿಲ್ಲ.

ಜಿಯೋಜೀಬ್ರಾದ ಪರವಾನಗಿಯೂ ಎರಡು ತುಂಡಾಗಿದೆ. ಮೂಲಸಂಕೇತ ಮುಕ್ತ, ಸಿದ್ಧಪಡಿಸಿ ಕೊಡುವ ಅನುಸ್ಥಾಪನೆಯ ಕಡತ ವಾಣಿಜ್ಯೇತರ ಬಳಕೆಗೆ ಮಾತ್ರ ಉಚಿತ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವುದು ವಾಣಿಜ್ಯವಲ್ಲವಾದ್ದರಿಂದ ನಮಗೆ ಅಡ್ಡಿಯಿಲ್ಲ. ಹಾಗಿದ್ದರೆ ಈ ಸೂಕ್ಷ್ಮವನ್ನೆಲ್ಲ ಏಕೆ ನೋಡಬೇಕು ಎಂದು ನೀವು ಕೇಳಬಹುದು. ಕಾರಣವಿದೆ. 2021ರ ಡಿಸೆಂಬರ್‌ನಲ್ಲಿ ಜಿಯೋಜೀಬ್ರಾವನ್ನು ಬೆಂಗಳೂರಿನ ಬೈಜೂಸ್ ಕಂಪನಿ ಕೊಂಡಿತು. 2024ರ ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅದೇ ಬೈಜೂಸ್‌ನ ಮಾತೃಸಂಸ್ಥೆಯನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಕಂಪನಿಗಳು ಏಳುತ್ತವೆ, ಬೀಳುತ್ತವೆ, ಕೈ ಬದಲಾಗುತ್ತವೆ. ಪಾಠ ಮಾತ್ರ ಪ್ರತಿ ಜೂನ್‌ನಲ್ಲಿ ಮತ್ತೆ ಮೊದಲಿನಿಂದ ಶುರುವಾಗಬೇಕು. ಮೂಲಸಂಕೇತ ಒಮ್ಮೆ ಮುಕ್ತವಾಗಿ ಹೊರಬಂದರೆ ಆ ಆವೃತ್ತಿಯನ್ನು ಯಾರೂ ಹಿಂದಕ್ಕೆ ಪಡೆಯಲಾರರು. ಆಸಕ್ತರು ಅದನ್ನು ಮುಂದುವರಿಸಬಹುದು. ಮುಚ್ಚಿದ ತಂತ್ರಾಂಶಕ್ಕೆ ಈ ಭರವಸೆಯಿಲ್ಲ. ಒಂದು ಶಾಲೆಗೆ ದಾನಿಗಳು ಕೊಡಿಸಿದ ಕಲಿಕಾ ತಂತ್ರಾಂಶ, ಅವಧಿ ಮುಗಿದ ಮರುದಿನ ನೋಂದಣಿ ಸಂಖ್ಯೆ ಕೇಳಿ ನಿಂತುಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಯಾರನ್ನು ಕೇಳಬೇಕೆಂದು ಆ ಶಾಲೆಯವರಿಗೆ ಗೊತ್ತಿರಲಿಲ್ಲ.

ಪೂರ್ತಿ ಮುಕ್ತವಾದವೂ ಇವೆ. 1996ರಲ್ಲಿ ಆರಂಭವಾದ ಕೆಡಿಇ ಸಮುದಾಯದವರ ಕೆಎಂಪ್ಲಾಟ್ ಮತ್ತು ಕೆಆಲ್ಜೀಬ್ರಾ ಎರಡೂ ಜಿಪಿಎಲ್ ಪರವಾನಗಿಯವು. ಉಬುಂಟು ಇರುವ ಗಣಕಯಂತ್ರದಲ್ಲಿ ಸುಲಭವಾಗಿ ಕೂರುತ್ತವೆ. ಗ್ನುಪ್ಲಾಟ್ ಎಂಬುದು 1986ರಿಂದ ಇದೆ, ವಿಜ್ಞಾನಿಗಳ ಮೆಚ್ಚಿನದು. ಆದರೆ ಆಜ್ಞೆಗಳನ್ನು ಅಕ್ಷರ ತಪ್ಪದೆ ಬರೆಯಬೇಕಾದ್ದರಿಂದ ನಮ್ಮ ಮಕ್ಕಳಿಗೆ ಬೇಡ. ನನ್ನ ಸಲಹೆ ಕೇಳಿದರೆ ಹಳೆಯ ಯಂತ್ರಕ್ಕೆ ಕೆಎಂಪ್ಲಾಟ್ ಸಾಕು. ಬಿಂದುಗಳನ್ನು ಮೌಸಿನಿಂದ ಎಳೆದು ನೋಡಬೇಕೆಂದರೆ ಜಿಯೋಜೀಬ್ರಾ. ಇವೆಲ್ಲ ಒಮ್ಮೆ ಹಾಕಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತವೆ. ಮಳೆಗಾಲದಲ್ಲಿ ಮಲೆನಾಡಿನ ಶಾಲೆಗಳಿಗೆ ಅಂತರ್ಜಾಲ ಎಷ್ಟರಮಟ್ಟಿಗೆ ಸಿಗುತ್ತದೆ ಎಂಬುದನ್ನು ಅಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ.

ಯಂತ್ರಕ್ಕೆ ಮಕ್ಕಳ ಲೆಕ್ಕ ಗೊತ್ತಿಲ್ಲ

ಈಗ ನನ್ನ ತಕರಾರಿಗೆ ಬರುತ್ತೇನೆ. ಈ ತಂತ್ರಾಂಶದ ಪಾಠ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ? ಪ್ರೊಜೆಕ್ಟರ್ ಹಚ್ಚುತ್ತಾರೆ, ಶಿಕ್ಷಕರು ಸಮೀಕರಣ ಬರೆಯುತ್ತಾರೆ, ಬಣ್ಣದ ಗೆರೆ ಮೂಡುತ್ತದೆ, ಮಕ್ಕಳು 'ಓ' ಎನ್ನುತ್ತಾರೆ. ಇನ್ನೊಂದು ಸಮೀಕರಣ, ಇನ್ನೊಂದು 'ಓ'. ಗಂಟೆ ಬಾರಿಸುತ್ತದೆ. ಇದರಲ್ಲಿ ಮಗು ಏನು ಕಲಿಯಿತು? ಚಿತ್ರ ನೋಡಿತು, ಅಷ್ಟೆ. ಸ್ವತಃ ಒಂದು ಬಿಂದುವನ್ನೂ ಗುರುತಿಸದ ಮಗುವಿಗೆ ಪರದೆಯ ಮೇಲಿನ ಗೆರೆ ಗೋಡೆಯ ಮೇಲಿನ ಚಿತ್ತಾರಕ್ಕಿಂತ ಹೆಚ್ಚಿನದಲ್ಲ. ಆ ಗೆರೆ ಬಿಂದುಗಳಿಂದ ಆಗಿದೆ, ಪ್ರತಿಯೊಂದು ಬಿಂದುವೂ ಎರಡು ಸಂಖ್ಯೆಗಳ ನಡುವಿನ ಸಂಬಂಧವನ್ನು ಹೇಳುತ್ತಿದೆ ಎಂಬುದು ಗ್ರಾಫ್ ಹಾಳೆಯ ಚೌಕಗಳನ್ನು ಎಣಿಸಿ, ಪೆನ್ಸಿಲಿನಿಂದ ಚುಕ್ಕೆಯಿಟ್ಟು, ಅಳತೆಪಟ್ಟಿ ಹಿಡಿದು ಸೇರಿಸಿದಾಗಲೇ ತಿಳಿಯುವುದು. ಆದ್ದರಿಂದ ಮೊದಲು ಕೈ, ಆಮೇಲೆ ಯಂತ್ರ. ಇದರಲ್ಲಿ ರಾಜಿ ಬೇಡ.

ಇನ್ನೊಂದು ಮುಖ್ಯವಾದ ವಿಷಯವಿದೆ. ಯಂತ್ರ ನಾವು ಹೇಳಿದ್ದನ್ನು ಬಿಡಿಸುತ್ತದೆ. ಅದಕ್ಕೆ ಅರ್ಥವಿದೆಯೆ ಎಂದು ಕೇಳುವುದಿಲ್ಲ. 12 ಬಾಳೆಹಣ್ಣುಗಳನ್ನು ಮಕ್ಕಳಿಗೆ ಸಮನಾಗಿ ಹಂಚುವ ಲೆಕ್ಕ ತೆಗೆದುಕೊಳ್ಳಿ. ಒಂದು ಮಗುವಾದರೆ 12, ಇಬ್ಬರಾದರೆ 6, ಮೂವರಾದರೆ 4, ನಾಲ್ವರಾದರೆ 3, ಆರು ಮಕ್ಕಳಾದರೆ 2. ಮಕ್ಕಳು ಹಾಳೆಯ ಮೇಲೆ ಚುಕ್ಕೆಗಳನ್ನಿಡಲಿ. ಈಗ ತಂತ್ರಾಂಶಕ್ಕೆ 'ವೈ = 12/ಎಕ್ಸ್' ಎಂದು ಕೊಡಿ. ಅದು ಬಲಗಡೆ ಒಂದು ನುಣುಪಾದ ವಕ್ರರೇಖೆಯನ್ನೂ ಎಡಗಡೆ ಕೆಳಭಾಗದಲ್ಲಿ ಇನ್ನೊಂದನ್ನೂ ಬಿಡಿಸುತ್ತದೆ. ಎರಡೂವರೆ ಮಕ್ಕಳಿಗೆ ತಲಾ 4.8 ಹಣ್ಣು ಎನ್ನುತ್ತದೆ. ಋಣ ಮೂರು ಮಕ್ಕಳಿಗೆ ಋಣ ನಾಲ್ಕು ಹಣ್ಣು ಎಂದೂ ಹೇಳುತ್ತದೆ. ಹಣ್ಣನ್ನು ಕೊಯ್ದು ಹಂಚಬಹುದು, ಮಗುವನ್ನಲ್ಲ! ಸಮೀಕರಣದ ನಕ್ಷೆಯಾಗಿ ಅದು ಸರಿಯೇ. ಬಾಳೆಹಣ್ಣಿನ ನಕ್ಷೆಯಾಗಿ ತಪ್ಪು. ಈ ಗೆರೆಯಲ್ಲಿ ಯಾವ ಬಿಂದುಗಳು ನಮ್ಮವು, ಯಾವುವು ನಮ್ಮವಲ್ಲ ಎಂದು ಆರನೆಯ ತರಗತಿಯ ಮಗುವನ್ನು ಕೇಳಿ ನೋಡಿ. ಅಲ್ಲಿ ನಡೆಯುವ ವಾದದಲ್ಲಿ ಇರುವಷ್ಟು ಗಣಿತ ಹತ್ತು ಬಣ್ಣದ ಗೆರೆಗಳಲ್ಲಿ ಇರುವುದಿಲ್ಲ.

ಯಂತ್ರವೂ ಒಳಗೆ ಮಾಡುವುದು ನಮ್ಮ ಪೆನ್ಸಿಲಿನ ಕೆಲಸವನ್ನೇ. ಪರದೆಯ ಅಗಲಕ್ಕೆ ಹಲವು ನೂರು ಬೆಲೆಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಲೆಕ್ಕ ಮಾಡಿ, ಸಿಕ್ಕ ಬಿಂದುಗಳನ್ನು ಚಿಕ್ಕ ಚಿಕ್ಕ ಗೆರೆಗಳಿಂದ ಸೇರಿಸುತ್ತದೆ. ಎರಡು ಬಿಂದುಗಳ ನಡುವೆ ಏನಾಯಿತು ಎಂಬುದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಎಚ್ಚರಿಕೆಯಿಲ್ಲದೆ ಬರೆದ ತಂತ್ರಾಂಶ ಮೇಲೆ ಹೇಳಿದ ನಕ್ಷೆಯಲ್ಲಿ ಸೊನ್ನೆಯ ಎಡಗಡೆಯ ಬಿಂದುವನ್ನೂ ಬಲಗಡೆಯ ಬಿಂದುವನ್ನೂ ಸೇರಿಸಿ, ಇಲ್ಲದ ಒಂದು ಲಂಬರೇಖೆಯನ್ನು ಎಳೆದುಬಿಡುತ್ತದೆ. ಸೊನ್ನೆಯಿಂದ ಭಾಗಿಸಲಾಗದು ಎಂದು ನಾವು ತರಗತಿಯಲ್ಲಿ ಹೇಳುತ್ತೇವಲ್ಲ, ಆ ಜಾಗದಲ್ಲೇ ಯಂತ್ರ ಎಡವುವುದು. ಒಳ್ಳೆಯ ತಂತ್ರಾಂಶಗಳು ಇದನ್ನು ಪರೀಕ್ಷಿಸಿ ಗೆರೆಯನ್ನು ಕತ್ತರಿಸುತ್ತವೆ. ಹೇಗೆ ಪರೀಕ್ಷಿಸುತ್ತವೆ ಎಂಬುದನ್ನು ಮುಕ್ತ ತಂತ್ರಾಂಶದಲ್ಲಾದರೆ ತೆರೆದು ಓದಬಹುದು. ನಿಜ, ನೀವೂ ನಾನೂ ಕುಳಿತು ಓದುವುದಿಲ್ಲ. ನಿಮ್ಮ ಶಾಲೆಯಲ್ಲಿ ಕಲಿತು ಹೋದ ಯಾರೋ ಒಬ್ಬಳು ಮುಂದೊಂದು ದಿನ ಓದಬಹುದು.

ಆಟೋ ಬಾಡಿಗೆಯ ಒಂದು ಪಾಠ

ಮಾತು ಸಾಕು, ಕೆಲಸಕ್ಕೆ ಬರೋಣ. ಬೆಂಗಳೂರು ನಗರದಲ್ಲಿ 2021ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಟೋರಿಕ್ಷಾ ದರ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 15 ರೂಪಾಯಿ. 2025ರ ಆಗಸ್ಟ್ 1ರಿಂದ ಅದು 36 ಮತ್ತು 18 ರೂಪಾಯಿ ಆಯಿತು. (ಮೀಟರ್ ಹಾಕಿದರೆ ಎಂಬ ಮಾತು ಬೇರೆ.) ಮಕ್ಕಳು ಹೊಸ ದರದ ಪಟ್ಟಿ ಮಾಡಲಿ: 1 ಕಿ.ಮೀ.ಗೆ 36, 2ಕ್ಕೆ 36, 3ಕ್ಕೆ 54, 4ಕ್ಕೆ 72, 5ಕ್ಕೆ 90. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಮೊದಲು ಮಲಗಿದ ಗೆರೆ, 2 ಕಿ.ಮೀ. ಆದ ಮೇಲೆ ಏರುವ ಗೆರೆ. ಈಗ ಏರುವ ಗೆರೆಯನ್ನು ಅಳತೆಪಟ್ಟಿಯಿಂದ ಹಿಂದಕ್ಕೆ ಮೂಲಬಿಂದುವಿನತ್ತ ಎಳೆಯಲು ಹೇಳಿ. ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ಎಳೆಯುವ ಮೊದಲೇ ಊಹಿಸಲಿ, ಊಹೆಯನ್ನು ಬರೆದಿಡಲಿ.

ಗೆರೆ ಸರಿಯಾಗಿ ಮೂಲಬಿಂದುವಿಗೇ ಬರುತ್ತದೆ. 36 ಎಂದರೆ ಎರಡು ಸಲ 18 ತಾನೆ! ಅಂದರೆ ಕನಿಷ್ಠ ಬಾಡಿಗೆ ಎನ್ನುವುದು ಹೆಚ್ಚುವರಿ ಹಣವಲ್ಲ, 2 ಕಿ.ಮೀ.ಯ ಬಾಡಿಗೆಯನ್ನು ಮೊದಲೇ ಹಿಡಿದುಕೊಳ್ಳುವುದಷ್ಟೇ. ಹಳೆಯ ದರದ ಗೆರೆಯೂ ಹೀಗೆಯೇ ಮೂಲಬಿಂದುವಿಗೆ ಬರುತ್ತದೆ. ಇದನ್ನು ಯಾರೂ ಹೇಳಿಕೊಡದೆ ಮಕ್ಕಳೇ ಕಂಡುಕೊಳ್ಳಬಲ್ಲರು. ಕೊನೆಗೆ ತಂತ್ರಾಂಶಕ್ಕೆ ಬನ್ನಿ. 'ವೈ = 18ಎಕ್ಸ್' ಮತ್ತು 'ವೈ = 15ಎಕ್ಸ್' ಎರಡನ್ನೂ ಕೊಟ್ಟು ನೋಡಿದರೆ ಎರಡು ಗೆರೆಗಳು ದೂರ ಹೋದಂತೆ ಅಗಲುತ್ತವೆ; 5 ಕಿ.ಮೀ.ಯಲ್ಲಿ 15 ರೂಪಾಯಿ ಅಂತರ, 10 ಕಿ.ಮೀ.ಯಲ್ಲಿ 30. ಜಿಯೋಜೀಬ್ರಾದಲ್ಲಿ '2ಕ್ಕಿಂತ ಕಡಿಮೆಯಾದರೆ 36, ಇಲ್ಲದಿದ್ದರೆ 18ಎಕ್ಸ್' ಎಂಬ ಷರತ್ತನ್ನೂ ಹಾಕಬಹುದು. ಆಗ ನಿಜವಾದ ಬಾಡಿಗೆಯ ನಕ್ಷೆ ಬರುತ್ತದೆ. ಅಲ್ಲಿಯೂ ಸೊನ್ನೆಗಿಂತ ಹಿಂದಕ್ಕೆ ಗೆರೆ ಹೋಗಿರುತ್ತದೆ. ಅದನ್ನು ಅಳಿಸಬೇಕೆಂದು ಮಕ್ಕಳೇ ಹೇಳುವವರೆಗೆ ನೀವು ಬಾಯಿ ಬಿಡಬೇಡಿ.

ಇದೇ ಅವಧಿಯಲ್ಲಿ ಪ್ರಮಾಣದ ಪಾಠವನ್ನೂ ಮಾಡಬಹುದು. ಪರದೆಯ ಮೇಲೆ ಲಂಬ ಅಕ್ಷವನ್ನು ಹಿಗ್ಗಿಸಿದರೆ ದರ ಏರಿಕೆ ಬೆಟ್ಟದಂತೆ ಕಾಣುತ್ತದೆ, ಕುಗ್ಗಿಸಿದರೆ ಬಯಲಿನಂತೆ. ಸಂಖ್ಯೆಗಳು ಬದಲಾಗಿಲ್ಲ. ಪತ್ರಿಕೆ, ದೂರದರ್ಶನಗಳ ನಕ್ಷೆಗಳನ್ನು ನೋಡುವಾಗ ಮೊದಲು ಅಕ್ಷದ ಮೇಲಿನ ಸಂಖ್ಯೆಗಳನ್ನು ಓದುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ.

ಊರಿನಲ್ಲಿ ಆಟೋ ಇಲ್ಲವೆನ್ನುವವರು ಡೈರಿಗೆ ಹಾಕುವ ಹಾಲಿನ ಲೆಕ್ಕ ತೆಗೆದುಕೊಳ್ಳಿ, ಹಿಟ್ಟಿನ ಗಿರಣಿಯ ಲೆಕ್ಕ ತೆಗೆದುಕೊಳ್ಳಿ. ದರ ಮಕ್ಕಳಿಗೆ ಗೊತ್ತಿರುವುದಾಗಿರಬೇಕು, ಅಷ್ಟೆ.

ಕೋಲು ಮತ್ತು ನೆರಳು

ವಿಜ್ಞಾನದ ಪುರವಣಿಯಲ್ಲಿ ಬರೆಯುತ್ತಿರುವುದರಿಂದ ಒಂದು ವಿಜ್ಞಾನದ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಇದರಲ್ಲಿ ಸಮೀಕರಣವೇ ಬೇಡ, ಬಿಂದುಗಳ ಪಟ್ಟಿ ಸಾಕು. ಅಂಗಳದಲ್ಲಿ ನೆಲದಿಂದ ಒಂದು ಮೀಟರ್ ಎತ್ತರ ನಿಲ್ಲುವಂತೆ ನೆಟ್ಟಗೆ ಒಂದು ಕೋಲು ನೆಡಿ. ತೂಗುಗುಂಡಿನಿಂದ ನೇರ ನೋಡಿಕೊಳ್ಳಿ. ಬೆಳಗಿನಿಂದ ಅರ್ಧ ಗಂಟೆಗೊಮ್ಮೆ ನೆರಳಿನ ಉದ್ದವನ್ನು ಅಳೆದು ಬರೆಯಿರಿ. ಅಡ್ಡ ಅಕ್ಷದಲ್ಲಿ ಸಮಯ, ಲಂಬ ಅಕ್ಷದಲ್ಲಿ ಉದ್ದ.

ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನ ಅಕ್ಷಾಂಶದಲ್ಲಿ ನಡುಹಗಲಿನ ನೆರಳು ಲೆಕ್ಕದ ಪ್ರಕಾರ 74 ಸೆಂ.ಮೀ. ಇರಬೇಕು, ಅದರಿಂದ ಒಂದು ಗಂಟೆ ಆಚೀಚೆ 82, ಎರಡು ಗಂಟೆ ಆಚೀಚೆ 106, ಮೂರು ಗಂಟೆಗೆ 155. ಬಿಂದುಗಳನ್ನು ಸೇರಿಸಿದರೆ ತಳ ದುಂಡಾದ ಬೋಗುಣಿಯಂಥ ಗೆರೆ. ಇದು ಪರವಲಯವೆ ಎಂದು ಹಿರಿಯ ಮಕ್ಕಳು ಕೇಳಿಯಾರು. ಅಲ್ಲ. ಸೂರ್ಯ ದಿಗಂತಕ್ಕೆ ಇಳಿದಂತೆ ನೆರಳು ಮಿತಿಯಿಲ್ಲದೆ ಉದ್ದವಾಗುತ್ತದೆ. ಪರವಲಯ ಒಂದು ನಿಶ್ಚಿತ ಸಮಯದಲ್ಲಿ ಹಾಗೆ ಮಿತಿ ಮೀರುವುದಿಲ್ಲ.

ಇದೇ ಪ್ರಯೋಗವನ್ನು ಶೂನ್ಯ ನೆರಳಿನ ದಿನ ಮಾಡಿ. ಕರ್ನಾಟಕ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ; ಉತ್ತರಕ್ಕೆ ಹೋದಂತೆ ಆಗಸ್ಟಿನ ದಿನ ಮುಂಚೆ ಬರುತ್ತದೆ, ಕಲಬುರ್ಗಿಗೆ ಆಗಸ್ಟಿನ ಮೊದಲ ವಾರ. ಏಪ್ರಿಲಿನಲ್ಲಿ ಬೇಸಿಗೆ ರಜೆ, ಆದ್ದರಿಂದ ಶಾಲೆಗೆ ಒದಗುವುದು ಆಗಸ್ಟೇ. ಅಂದು ನಡುಹಗಲಿನಲ್ಲಿ ನೆರಳು ಸೊನ್ನೆ. ಒಂದು ಗಂಟೆ ಆಚೀಚೆ 26 ಸೆಂ.ಮೀ., ಎರಡು ಗಂಟೆಗೆ 56, ಮೂರು ಗಂಟೆಗೆ 96. ಎರಡೂ ದಿನಗಳ ಬಿಂದುಗಳನ್ನು ಒಂದೇ ಪರದೆಯಲ್ಲಿ ಹಾಕಿ ನೋಡಿ. ಡಿಸೆಂಬರಿನ ಗೆರೆಯ ತಳ ದುಂಡಗೆ. ಆಗಸ್ಟಿನದು ಚೂಪಾಗಿ, ಎರಡು ಓರೆಗೆರೆಗಳು ಒಂದು ಮೂಲೆಯಲ್ಲಿ ಕೂಡಿದಂತೆ. ಚಳಿಗಾಲದಲ್ಲಿ ಸೂರ್ಯ ನೆತ್ತಿಯನ್ನು ತಪ್ಪಿಸಿ ದಕ್ಷಿಣಕ್ಕೆ ಸುತ್ತಿ ಹೋಗುತ್ತಾನೆ, ನೆರಳಿನ ತುದಿ ಕೋಲಿನ ಬುಡವನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋಗುತ್ತದೆ. ಆಗಸ್ಟಿನ ಆ ದಿನ ಬುಡದ ಮೇಲೆಯೇ ದಾಟುತ್ತದೆ. ಆಕಾಶದಲ್ಲಿ ನಡೆದದ್ದು ಗೆರೆಯ ತಳದಲ್ಲಿ ಕಾಣುತ್ತದೆ. ಒಂದೇ ಹಾಳೆಯಲ್ಲಿ ನಾಲ್ಕು ತಿಂಗಳ ಅಂತರದ ಬಿಂದುಗಳನ್ನು ಜೋಪಾನ ಮಾಡುವುದು ಮಕ್ಕಳ ಕೈಯಲ್ಲಿ ಕಷ್ಟ. ಇಲ್ಲಿ ಗಣಕಯಂತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕಡತಕ್ಕೆ ದಿನಾಂಕ ಹಾಕಿ ಉಳಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ನಿಮ್ಮ ಅಳತೆಗಳು ಲೆಕ್ಕದೊಡನೆ ಸರಿಯಾಗಿ ಹೊಂದುವುದಿಲ್ಲ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳಿನ ಅಂಚು ಒಂದು ಸೆಂಟಿಮೀಟರಿನಷ್ಟು ಮಸುಕಾಗಿಯೇ ಇರುತ್ತದೆ. ಮಕ್ಕಳು ಅಳೆದದ್ದನ್ನು ಲೆಕ್ಕಕ್ಕೆ ಹೊಂದುವಂತೆ ತಿದ್ದಲು ಬಿಡಬೇಡಿ. ಅಳೆದದ್ದೇ ಹಾಳೆಗೆ ಹೋಗಲಿ. ನಡುಹಗಲು ಎಂದರೆ ಗಡಿಯಾರದ 12 ಗಂಟೆಯೂ ಅಲ್ಲ. ನಮ್ಮ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿಯದು, ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ; ಬೆಂಗಳೂರಿನಲ್ಲಿ ಆಗಸ್ಟ್ 18ರಂದು ಸೂರ್ಯ ನೆತ್ತಿಗೆ ಬರುವುದು ಸುಮಾರು 12 ಗಂಟೆ 24 ನಿಮಿಷಕ್ಕೆ. ಅದರ ಆಚೀಚೆ ಐದೈದು ನಿಮಿಷಕ್ಕೊಮ್ಮೆ ಅಳೆಯಿರಿ. ಆಗಸ್ಟಿನಲ್ಲಿ ಮೋಡದ ಭಯವಿದ್ದೇ ಇದೆ. ಆ ದಿನ ಬಿಸಿಲು ಬರದಿದ್ದರೆ ಮರುದಿನ ಮಾಡಿ. ನಡುಹಗಲಿನ ನೆರಳಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ವ್ಯತ್ಯಾಸ ಬರುತ್ತದೆ.